ತೂಕ ಮಾಡಬಾರದ ಮಗ

ಮಾರ್ತಾಂಡನನ್ನು ಹುಟ್ಟಿದಂದಿನಿಂದ ಯಾರೂ ತೂಕ ಮಾಡಿರಲಿಲ್ಲ. ಅವನಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋಗಿಬಿಟ್ಟಿದ್ದವು. ಇದೊಂದು ಉಳಿದರೆ ಮುಂಜಿವೆಯ ದಿನ ಹನುಮಪ್ಪನ ಗುಡಿಯಲ್ಲಿ ಬೆಲ್ಲದ ತುಲಾಭಾರ ಮಾಡಿಸುತ್ತೇನೆ, ಅಲ್ಲಿಯವರೆಗೆ ಬೇರೆ ತಕ್ಕಡಿ ಮುಟ್ಟಿಸುವುದಿಲ್ಲ ಎಂದು ತಾಯಿ ಯಮುನಾಬಾಯಿ ಹರಕೆ ಹೊತ್ತಿದ್ದಳು. ಕೂಸು ಉಳಿಯಿತು. ಮುಂಜಿವೆಯ ಹೊತ್ತಿಗೆ ಯುದ್ಧ ನಡೆದಿತ್ತು, ಬೆಲ್ಲ ಕಂಟ್ರೋಲಿನಲ್ಲಿತ್ತು, ಅಳೆದು ಕೊಟ್ಟಷ್ಟೇ ಸಿಗುತ್ತಿತ್ತು. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಬರುವುದರೊಳಗೆ ಹುಡುಗ ಇನ್ನಷ್ಟು ಉಬ್ಬಿದ. ಹೀಗೆ ಹರಕೆಯೂ ಮಗನ ಜೊತೆಗೇ ಮೈ ಬೆಳೆಸಿಕೊಳ್ಳುತ್ತ ಹೋಯಿತು.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಸಾಂಗಲಿ ಸಂಸ್ಥಾನ ಹೋಗಿ ಇವರ ಊರು ಶಿರಹಟ್ಟಿ ಮುಂಬೈ ಸರಕಾರದ ಕೈಗೆ ಬಂತು. ಮಾರ್ತಾಂಡ ಮ್ಯಾಟ್ರಿಕ್ಕಿಗೆ ಬಂದ. ಗಣಿತದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆದರೆ ಗುಡಿಯ ಪಾವಟಿಗೆ ಹತ್ತುವುದರೊಳಗೆ ಏದುಸಿರು ಬಿಡುತ್ತಿದ್ದ. ದಪ್ಪ ಹುಡುಗರಿಗೆ ದಮ್ಮು ಹತ್ತುವುದು ಸಹಜ ಎಂದು ಎಲ್ಲರೂ ಅಂದರು, ಮನೆಯವರೂ ಅಂದುಕೊಂಡರು.

ಆ ವರ್ಷ ಶಾಲೆಯಲ್ಲಿ ಅಂಗಸಾಧನೆಯ ಪರೀಕ್ಷೆ ಹೊಸದಾಗಿ ಬಂತು. ಪಕ್ಕದ ಹಳ್ಳಿ ಮಾಗಡಿಯ ರಸ್ತೆಯ ಗುಂಟ ಓಡಬೇಕು, ಹಗ್ಗ ಹತ್ತಬೇಕು. ಹುಡುಗನ ತಂದೆ ದತ್ತಾತ್ರಿ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಎತ್ತರದ ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಟೋಪಿ ಸರಿಮಾಡಿಕೊಂಡು ಡ್ರಿಲ್ ಮಾಸ್ತರ ಮೈಲಾರಪ್ಪನ ಮುಂದೆ ಹೋಗಿ ನಿಂತ.

"ರಾಯರ, ನನ್ನ ಕೈಯಾಗ ಏನೂ ಇಲ್ರಿ," ಎಂದ ಮೈಲಾರಪ್ಪ. "ಹುಡುಗ ಓಡಬೇಕು, ಇಲ್ಲಾ ಮಾಫಿ ಮಾಡಾಕ ಸರಕಾರಿ ಡಾಕ್ಟರ ಸರ್ಟಿಫಿಕೇಟ್ ತರಬೇಕು. ಎರಡೂ ಇಲ್ಲಂದ್ರ ಹೆಡ್‌ಮಾಸ್ತರ್ರು ಪರೀಕ್ಷಾಕ್ಕ ಹೆಸರ ಕಳಸೂದಿಲ್ಲ. ಶಾಣ್ಯಾ ಹುಡುಗ ಅದಾನ, ನನಗೂ ಕೆಟ್ಟ ಅನಸತೈತಿ."

ಮನೆಯಲ್ಲಿ ಯಮುನಾಬಾಯಿ ಪೂರಾ ಕೇಳಿಸಿಕೊಂಡಳು.

"ಗದಗಕ್ಕ ಕರಕೊಂಡು ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಕ್ಕಡಿ ಹತ್ತಸಬ್ಯಾಡ್ರಿ. ಮೂರು ಕಳಕೊಂಡೇನಿ ನಾ. ಇದೊಂದನ್ನ ಹನಮಪ್ಪನ ಮ್ಯಾಲೆ ಭಾರಾ ಹಾಕಿ ಇಟಗೊಂಡೇನಿ."

"ಹತ್ತಸೂದಿಲ್ಲ."

"ನನ್ನ ಆಣಿ ಮಾಡ್ರಿ."

ದತ್ತಾತ್ರಿ ಆಣೆ ಮಾಡಿದ. ಮಾಡುವಾಗ ಮನಸ್ಸಿನಲ್ಲಿ ಮೋಸವಿರಲಿಲ್ಲ. ಡಾಕ್ಟರರ ಕೈಕಾಲು ಹಿಡಿದರಾಯಿತು ಎಂದು ಅವನ ಲೆಕ್ಕ.

ಗದಗಿನ ದವಾಖಾನೆಯ ಮೂಲೆಯಲ್ಲಿ ನಿಂತು ತೂಗುವ ಕಬ್ಬಿಣದ ಕಾಟಾ ಇತ್ತು. ಡಾಕ್ಟರು ಹುಡುಗನಿಗೆ ಅದನ್ನು ಹತ್ತಲು ಹೇಳಿದರು. ದತ್ತಾತ್ರಿ ಅಡ್ಡ ಬಂದು ಕೈ ಮುಗಿದ.

"ಸಾಹೇಬ್ರ, ಅದೊಂದು ಬ್ಯಾಡ್ರಿ. ಹರಕಿ ಅದ. ಎದಿ ಕಮಜೋರ ಅದ ಅಂತ ಒಂದು ಮಾತು ಬರದು ಕೊಟ್ಟಬಿಡ್ರಿ, ನಿಮ್ಮ ಉಪಕಾರ ಮರಿಯೂದಿಲ್ಲ."

ಡಾಕ್ಟರು ನಕ್ಕರು. "ಸುಳ್ಳು ಬರಿ ಅಂತೀರೇನು? ದಪ್ಪ ಅದಾನ ಅಂತ ಬರೀತೀನಿ, ಅದು ಖರೆ ಅದ. ಆದ್ರ ತೂಕ ಇಲ್ಲದ ಹೆಂಗ ಬರೀಲಿ?"

ಹೊರಗೆ ಜನ ಕಾಯುತ್ತಿದ್ದರು. ಮಾರ್ತಾಂಡ ಅಪ್ಪನ ಮುಖ ನೋಡಿದ. ದತ್ತಾತ್ರಿಗೆ ಹೂಂ ಎನ್ನಲೂ ಬಾಯಿ ಬರಲಿಲ್ಲ, ಬೇಡ ಎಂದು ಮಗನನ್ನು ಕರೆದುಕೊಂಡು ಹೋಗುವ ಧೈರ್ಯವೂ ಆಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ತಾನು ನೋಡದಿದ್ದರೆ ಆಣೆ ಅಷ್ಟರಮಟ್ಟಿಗೆ ಉಳಿದೀತು ಎಂಬ ಹುಚ್ಚು ಆಸೆ. ಆದರೆ ಕಂಪೌಂಡರ ತೂಕವನ್ನು ಗಟ್ಟಿಯಾಗಿ ಕೂಗಿಬಿಟ್ಟ.

ಆಮೇಲೆ ಡಾಕ್ಟರು ಹುಡುಗನ ಎದೆಗೆ ನಳಿಕೆ ಇಟ್ಟು ಕೇಳಿದರು. ಮೊದಲು ನಗುತ್ತಲೇ ಕೇಳಿದರು. ನಗು ನಿಂತಿತು. ನಳಿಕೆ ಸರಿಸಿ ಸರಿಸಿ ಬಹಳ ಹೊತ್ತು ಕೇಳಿ, ನೀರು ಕುಡಿದು ಬಾ ಎಂದು ಹುಡುಗನನ್ನು ಹೊರಗೆ ಕಳಿಸಿದರು.

"ಸಣ್ಣವ ಇದ್ದಾಗ ಜ್ವರ ಬಂದು ಕೀಲು ಬಾತಿದ್ವೇನು?"

"ಹೌದ್ರಿ. ಶಾಲಿಗೆ ಹಾಕೂ ವರ್ಷ."

"ಅವಾಗ ಆಗೇದ ಇದು. ಎದಿಯೊಳಗಿನ ಒಂದು ಬಾಗಲಾ ಸರಿಯಾಗಿ ಮುಚ್ಚಂಗಿಲ್ಲ. ಅವನ ದಮ್ಮು ಬರೇ ಮೈಯಿಂದ ಬರೂದಲ್ಲ ರಾಯರ. ಓಡಿದ್ರ ಅಲ್ಲೇ ಬೀಳತಾನ."

"ಔಷಧ..."

"ತುಪ್ಪ, ಬೆಲ್ಲಾ ಬಿಡಸ್ರಿ, ಮೈ ಇಳೀಲಿ. ಎದೀಮ್ಯಾಲಿನ ಭಾರ ಅಷ್ಟು ಕಡಿಮಿ ಆಗತದ. ಮುಂಬೈಗೆ ಒಯ್ದ್ರೂ ಇವತ್ತಿಗೆ ಇದಕ್ಕ ಮಾಡೂದು ಹೆಚ್ಚಿಲ್ಲ." ಡಾಕ್ಟರು ಕಾಗದ ಎಳೆದುಕೊಂಡರು. "ನೀವು ಕೇಳಿದ್ದ ಮಾತನ್ನ ಬರೀತೀನಿ. ಸುಳ್ಳು ಬರಿಯೂ ಪ್ರಸಂಗ ಬರಲಿಲ್ಲ."

ದತ್ತಾತ್ರಿ ಬೇಡಿ ಹೋದದ್ದು ಅಕ್ಷರಕ್ಕೆ ಅಕ್ಷರ ಸಿಕ್ಕಿತು. ಅದನ್ನು ಮಡಿಚಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಗನ ಪಕ್ಕ ಕುಳಿತ. ಮುಕ್ಕಾಲು ಸೀಟು ಮಗನದೇ. ಹುಡುಗ ಮಾಫಿ ಸಿಕ್ಕ ಖುಷಿಯಲ್ಲಿ ಕಿಟಕಿಯಾಚೆ ಓಡುವ ಜೋಳದ ಹೊಲ ನೋಡುತ್ತಿದ್ದ.

"ಅಪ್ಪಾ, ಡಾಕ್ಟರು ಏನಂದ್ರು?"

"ದಪ್ಪ ಅದಾನ, ಓಡಸಬ್ಯಾಡ್ರಿ ಅಂದ್ರು."

"ಅವ್ವಗ ತೂಕದ್ದು ಹೇಳೂದಿಲ್ಲ ನಾ. ನೀವೂ ಹೇಳಬ್ಯಾಡ್ರಿ," ಎಂದು ಹುಡುಗ ಅಪ್ಪನ ಮೊಣಕಾಲು ಮುಟ್ಟಿದ.

ಯಮುನಾಬಾಯಿ ಬಾಗಿಲಲ್ಲೇ ನಿಂತಿದ್ದಳು. ತೂಕ ಮಾಡಿದರೇನು ಎಂದು ಕೇಳಿದಳು. ದತ್ತಾತ್ರಿ ಇಲ್ಲ ಎಂದ. ಅವಳು ಅಲ್ಲೇ ಗುಡಿಯ ದಿಕ್ಕಿಗೆ ತಿರುಗಿ ಕೈ ಮುಗಿದಳು, ಕಣ್ಣಲ್ಲಿ ನೀರೇ ಬಂತು.

"ನೋಡಿದ್ರೇನು? ಕೆಲಸಾನೂ ಆತು, ಹರಕೀನೂ ಉಳೀತು. ಇನ್ನ ತಡಾ ಮಾಡೂದು ಬ್ಯಾಡ. ಬರೂ ಶನಿವಾರ ತುಲಾಭಾರ ಮಾಡಿಸೇ ಬಿಡೋಣ."

ಊಟಕ್ಕೆ ಕುಳಿತರು. ಅವಳು ಸಂತೋಷಕ್ಕೆ ಮಗನ ಅನ್ನದ ಮೇಲೆ ತುಪ್ಪ ಹಾಕಿದಳು, ಹೋಳಿಗೆಯ ಮೇಲೆ ಮತ್ತೆ ಹಾಕಿದಳು. ಸಾಕು ಎನ್ನಲು ದತ್ತಾತ್ರಿ ಬಾಯಿ ತೆರೆದ. ಯಾಕೆ ಎನ್ನುತ್ತಾಳೆ. ಡಾಕ್ಟರು ಅಂದರು ಎಂದರೆ, ಏನಾಗಿದೆ ಎನ್ನುತ್ತಾಳೆ. ಅದನ್ನು ಹೇಳಿದರೆ ಅವಳು ಕೇಳುವುದು ಒಂದೇ ಮಾತು, ತಕ್ಕಡಿ ಹತ್ತಿಸಿದಿರೇನು? ಹತ್ತು ವರ್ಷದ ಹಿಂದಿನ ಜ್ವರ ಎಂದು ಯಾವ ಡಾಕ್ಟರು ಬಂದು ಹೇಳಿದರೂ ಅವಳು ನಂಬುವುದಿಲ್ಲ. ಮಗನನ್ನು ತಂದೆಯೇ ತೂಗಿ ಕಳೆದ ಎಂದೇ ಸಾಯುವತನಕ ತಿಳಿಯುತ್ತಾಳೆ. ಅವನಿಗೇ ಈಗೀಗ ಹಾಗೆ ಅನಿಸತೊಡಗಿತ್ತು. ತೆರೆದ ಬಾಯಿಗೆ ತುತ್ತು ಇಟ್ಟುಕೊಂಡ.

"ಅಲ್ರೀ, ಬೆಲ್ಲಾ ಎಷ್ಟು ಹೇಳೋಣ ಅಂಗಡ್ಯಾಗ?" ಎಂದಳು ಯಮುನಾಬಾಯಿ, ಮಗನನ್ನು ಕಣ್ತುಂಬ ನೋಡುತ್ತ. "ನೀವ ಒಂದು ಅಂದಾಜು ಹೇಳ್ರಿ. ಇವನ ತೂಕ ಎಷ್ಟಿದ್ದೀತು?"

ಕಂಪೌಂಡರನ ದನಿ ಕಿವಿಯಲ್ಲೇ ಇತ್ತು.

"ನನಗ ಹೆಂಗ ಗೊತ್ತಾಗಬೇಕು," ಎಂದ ದತ್ತಾತ್ರಿ.

ಮಾರ್ತಾಂಡನಿಗೆ ನಗು ತಡೆಯಲಿಲ್ಲ. ತಾಟಿನ ಮೇಲೆ ಬಗ್ಗಿ, ಅವ್ವನಿಗೆ ಕಾಣದಂತೆ ಅಪ್ಪನಿಗೆ ಕಣ್ಣು ಮಿಟುಕಿಸಿದ. ದತ್ತಾತ್ರಿಯೂ ಮಿಟುಕಿಸಿದ.