ಚೋನಾ ಅಜ್ಜಿ ಮಂಡಿಯೂರಿದ ಶಾಲೆ

"ಗೋಡೆಗೆ ಬಣ್ಣ ಬಳಿದ್ರೆ ಹೊಟ್ಟೆ ತುಂಬತ್ತೇನೇ?"

ಚೋನಾ ಅಜ್ಜಿ ಹೆಂಚಿನ ಮೇಲಿನ ಜೋಳದ ರೊಟ್ಟಿ ತಿರುವುತ್ತಾ ಕೇಳಿದಳು. ಮೊಮ್ಮಗಳು ರೊಸೆಲಿಯಾ ಕೈಯಲ್ಲಿದ್ದ ಕಾಗದವನ್ನು ಮತ್ತೆ ಮಡಚಿದಳು. ಊರಿನ ಹಳೆಯ ಶಾಲೆಯಲ್ಲಿ ಹದಿಹರೆಯದವರಿಗೆ ಗೋಡೆಚಿತ್ರದ ತರಗತಿ ಶುರುವಾಗಿತ್ತು. ಆ ಕಾಗದದ ಮೇಲೆ ಹಿರಿಯರ ಹೆಬ್ಬೆಟ್ಟಿನ ಒಪ್ಪಿಗೆ ಅಂದು ಸಂಜೆಯೊಳಗೆ ಬೇಕಿತ್ತು. ಇಲ್ಲವಾದರೆ ಜಾಗ ಬೇರೆಯವರ ಪಾಲು. ತಾಯಿಯಿಲ್ಲದ ಹುಡುಗಿಗೆ ಹಿರಿಯಳೆಂದರೆ ಅಜ್ಜಿಯೊಬ್ಬಳೇ.

"ವಾರಕ್ಕೆ ಎರಡೇ ಮಧ್ಯಾಹ್ನ ಅಜ್ಜಿ. ನಿನ್ನ ಜೊತೆ ನೇಯೋದನ್ನ ಬಿಡಲ್ಲ, ನಿನ್ನಾಣೆಗೂ."

"ಆ ಶಾಲೆ ಮಾತ್ರ ಬೇಡ."

ತರಗತಿ ನಡೆಸುವ ಮಿಕಾಯೆಲಾ ಪಕ್ಕದ ಮನೆಯವಳೇ. ಬೇಲಿಯಾಚೆಯಿಂದ ದನಿ ಸೇರಿಸಿದಳು. "ಯಾಕಜ್ಜಿ, ಶಾಲೆ ಏನ್ ಮಾಡ್ತು ನಿಮಗೆ?"

"ಏನ್ ಮಾಡ್ತಾ? ಆಗ ಏಳು ವರ್ಷ ನಂಗೆ. ನಮ್ಮ ತ್ಸುತುಹಿಲ್ ಮಾತಲ್ಲಿ ನೀರು ಕೇಳ್ದೆ ಅಂತ ಅಲ್ಲಿ ಮೇಷ್ಟ್ರು ಜಲ್ಲಿ ಮೇಲೆ ಮಂಡಿ ಊರಿಸಿದ್ರು. ನೀನಿನ್ನೂ ಹುಟ್ಟೇ ಇರ್ಲಿಲ್ಲ, ಬುದ್ಧಿ ಹೇಳಕ್ಕೆ ಬಂದ್ಲು!"

ಬಾಯಾರಿದ ಮಗು ತಾಯಿನುಡಿಯಲ್ಲಿ ನೀರು ಕೇಳುವುದು ಅಪರಾಧವೆ? ಹಾಗೆಂದು ದಂಡಿಸಿದವರು ಶಿಕ್ಷಕರೆಂಬ ಹೆಸರಿಗೇ ಅನರ್ಹರು. ಮಂಡಿಯ ಗಾಯ ಮಾಯ್ದಿತು. ಭಯ ಮಾತ್ರ ಮೊಮ್ಮಗಳವರೆಗೂ ಬಂದು ನಿಂತಿತು.

ಮಿಕಾಯೆಲಾ ದನಿ ತಗ್ಗಿಸಿದಳು. "ಈಗ ಅಲ್ಲಿ ಪಾಠ ನಡೆಯೋದೇ ನಮ್ಮ ಮಾತಲ್ಲಿ. ನನ್ನ ನಂಬೋದೇನೂ ಬೇಡ. ಬಂದು ನೋಡಿ."

ಮಧ್ಯಾಹ್ನ ಅಜ್ಜಿ ಮೊಮ್ಮಗಳ ಜೊತೆ ಬಂದಳು. ಒಳಗೆ ಕಾಲಿಡಲಿಲ್ಲ. ಹುಡುಗಿಯರು ತ್ಸುತುಹಿಲ್‌ನಲ್ಲೇ ಕಿತ್ತಾಡುತ್ತಾ, ಗೋಡೆಯ ಮೇಲೆ ನೇಯುವ ಹೆಂಗಸೊಬ್ಬಳನ್ನು ಬಿಡಿಸುತ್ತಿದ್ದರು. ಮೈಗೆ ಕಟ್ಟಿಕೊಂಡು ನೇಯುವ ಪುಟ್ಟ ಮಗ್ಗದ ಪಟ್ಟಿಯನ್ನು ಚಿತ್ರದಲ್ಲಿ ಅವಳ ಎದೆಗೆ ಬಿಗಿದಿದ್ದರು.

ಅಜ್ಜಿಗೆ ತಡೆಯಲಾಗಲಿಲ್ಲ. "ಕಣ್ಣು ಕಾಣಲ್ವೇನ್ರೇ! ಪಟ್ಟಿ ಸೊಂಟಕ್ಕೆ ಬರ್ಬೇಕು. ಹಾಗೆ ಕಟ್ಟಿದ್ರೆ ಪಾಪ, ಉಸಿರು ಕಟ್ಟಿ ಸಾಯ್ತಾಳೆ ಅವಳು!"

ಎಲ್ಲರೂ ನಕ್ಕರು. "ತೋರ್ಸಿ ಅಜ್ಜಿ, ನಾವು ಬರೀತೀವಿ."

ರೊಸೆಲಿಯಾ ಓಡಿಹೋಗಿ ಮನೆಯಿಂದ ಸುರುಳಿ ಸುತ್ತಿಟ್ಟ ಮಗ್ಗ ತಂದಳು, ಚಾಪೆ ಹಾಸಿದಳು, ಮಗ್ಗದ ಹಗ್ಗವನ್ನು ಕಂಬಕ್ಕೆ ಕಟ್ಟಿದಳು. ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದಳು.

"ಯಾರೂ ಬಯ್ಯಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಇವತ್ತು ಟೀಚರ್ ನೀವೇ" ಎಂದು ಮಿಕಾಯೆಲಾ ಕೈ ಹಿಡಿದಳು.

ಚೋನಾ ಅಜ್ಜಿ ಅದೇ ನೆಲದ ಮೇಲೆ, ನೇಯುವವರು ಕೂರುವಂತೆ, ಮಂಡಿಯೂರಿದಳು. ಈ ಬಾರಿ ಯಾರೂ ಊರಿಸಿರಲಿಲ್ಲ.

"ಬೆನ್ನು ನೆಟ್ಟಗೆ ಬರೀರಿ. ಮೂಗು ಸ್ವಲ್ಪ ಚಿಕ್ಕದು ಮಾಡಿ. ರೊಸೆಲಿಯಾ, ಏನು ನೋಡ್ತಾ ನಿಂತಿದ್ದೀಯೇ? ಕಾಗದ ತಾ. ನನ್ನ ಕೈ ನೂಲಲ್ಲಿದೆ, ಹೆಬ್ಬೆಟ್ಟು ನೀನೇ ಹಿಡಿದು ಒತ್ತಿಸ್ಕೋ."

ಹಿರಿಯರೇ, ನಿಮ್ಮ ಊರಿನಲ್ಲೂ ಚಿತ್ರ, ನಾಟಕ, ಹಾಡು ಕಲಿಸುವ ತರಗತಿ ತೆರೆದಿದ್ದರೆ ಮಕ್ಕಳನ್ನು ಕಳುಹಿಸಿ. ಅನುಮಾನವಿದ್ದರೆ ಮನೆಯಲ್ಲಿ ಕುಳಿತು ಬೇಡವೆನ್ನಬೇಡಿ. ಹೋಗಿ ಬಾಗಿಲಲ್ಲಿ ನಿಂತು ನೋಡಿ. ತಪ್ಪು ಕಂಡರೆ ಒಳಗೆ ಬಂದು ತಿದ್ದಿ. ಅಲ್ಲಿ ನಿಮಗೂ ಒಂದು ಚಾಪೆ ಹಾಸಿದೆ.