ಮ್ಯಾನೇಜರ್ ಗುಕ್‌ನ ಹಬ್ಬ

ಕೊರಿಯಾದ ದೇಗು ನಗರದ ನಮ್ಮ ಕಾಲುಚೀಲದ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾಯಿತು. ಆದರೂ ತಿಂಗಳ ಮೊದಲ ಭಾನುವಾರ ಮಾಲ್‌ಸೂನಕ್ಕ ಮತ್ತು ನಾನು ಬೀದಿ ಕೊನೆಯ ಸಾರ್ವಜನಿಕ ಸ್ನಾನಗೃಹದಲ್ಲಿ ಸೇರುತ್ತೇವೆ. ಒಬ್ಬರ ಬೆನ್ನು ಒಬ್ಬರು ಉಜ್ಜುತ್ತ ಮ್ಯಾನೇಜರ್ ಗುಕ್‌ನ ಕತೆ ಹೇಳಿಕೊಳ್ಳುತ್ತೇವೆ.

ಗುಕ್ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿದ್ದ. ನಾವು ಕಕ್ಕಸಿಗೆ ಹೋದರೆ ಹೊರಗೆ ಗಡಿಯಾರ ನೋಡುತ್ತ ನಿಲ್ಲುತ್ತಿದ್ದ. ಮೂರು ನಿಮಿಷ ದಾಟಿದರೆ ಊದುತ್ತಿದ್ದ.

"ಈಗ್ಲೂ ಕಕ್ಕಸಲ್ಲಿ ಕೂತಾಗ ಒಲೆ ಮೇಲೆ ಕೆಟಲ್ ಕೂಗಿದ್ರೆ ನಂಗೆ ಅರ್ಧಕ್ಕೇ ನಿಂತ್ಹೋಗತ್ತೆ ಕಣೇ" ಎನ್ನುತ್ತಾಳೆ ಅಕ್ಕ.

ಹೋದ ತಿಂಗಳು ಅಲ್ಲಿಗೆ ಪಿಲ್‌ಜಾ ಬಂದಳು. ಕಾರ್ಖಾನೆಯಲ್ಲಿ ತಪ್ಪು ಮಾಡಿದವರ ಹೆಸರು ಬರೆದು ಗುಕ್‌ಗೆ ಕೊಡುತ್ತಿದ್ದವಳು ಅವಳೇ. ಅವಳ ಜೊತೆ ನಾವು ಊಟಕ್ಕೂ ಕೂರುತ್ತಿರಲಿಲ್ಲ. ಈಗ ತಲೆ ಪೂರ್ತಿ ನರೆತಿತ್ತು. ಬಿಸಿನೀರಿನ ತೊಟ್ಟಿಯ ಆಚೆ ತುದಿಯಲ್ಲಿ ಮುದುರಿ ಕೂತಳು.

"ಹಿರಿಯರಿಗೆ ಎಡೆ ಇಡೋ ಚುಸೊಕ್ ಹಬ್ಬಕ್ಕೂ ಊರಿಗೆ ಹೋಗ್ದೆ ಅವನ ಸೇವೆಗೆ ನಿಂತವಳಲ್ವಾ" ಎಂದಳು ಅಕ್ಕ, ಕೇಳಿಸುವ ಹಾಗೇ.

"ನಿಂತಿದ್ದಲ್ಲ ಅಕ್ಕ. ರಜೆ ಕೊಡ್ಲಿಲ್ಲ. ಸೂಜಿ ಮುರಿದಿದ್ದು ನಾನೇ ಅಂತ ಬರ್ಕೊಟ್ಟಿದ್ದೆ."

ಅಕ್ಕನ ಕೈ ನನ್ನ ಬೆನ್ನ ಮೇಲೆಯೇ ನಿಂತಿತು. ಆ ಹಬ್ಬದ ಮುಂಚಿನ ವಾರ ಊರಲ್ಲಿ ಅಜ್ಜಿಯ ಹತ್ತಿರವಿದ್ದ ಅಕ್ಕನ ಮಗುವಿಗೆ ಜ್ವರ. ಚಿಂತೆಯಲ್ಲಿ ನಿದ್ದೆಗೆಟ್ಟು, ಹೆಣಿಗೆ ಯಂತ್ರದ ಮೇಲೆಯೇ ತೂಕಡಿಸಿ ಸೂಜಿಗಳನ್ನು ಮುರಿದಿದ್ದಳು. ಯಾರೂ ನೋಡಲಿಲ್ಲವೆಂದೇ ಇಷ್ಟು ವರ್ಷ ನಂಬಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೋಗಿ ಒಪ್ಕೊಂಡ್ಬಿಡ್ತಿದ್ರಿ. ಮಗು ನೋಡೋಕೆ ಹೋಗ್ಬೇಕಿತ್ತಲ್ಲ."

ಅಕ್ಕ ಎದ್ದು ಹೋಗಿ ಪಿಲ್‌ಜಾಳ ಹಿಂದೆ ಕೂತಳು. "ತಿರುಗು" ಎಂದು ಬೆನ್ನು ಉಜ್ಜತೊಡಗಿದಳು.

"ಅಕ್ಕ, ಚರ್ಮಾನಾದ್ರೂ ಬಿಡಿ."

"ಸುಮ್ನಿರು, ಎಷ್ಟು ಕೊಳೆ." ಅಕ್ಕನ ಕಣ್ಣಿನಿಂದ ನೀರಿಳಿಯುತ್ತಿತ್ತು.

ನಾನು ಮಾತು ಬದಲಿಸಿದೆ. "ಆ ಗುಕ್ ಜೊತೆ ಹಬ್ಬ ಹೇಗಿತ್ತೇ?"

ಪಿಲ್‌ಜಾ ತುಸು ಯೋಚಿಸಿದಳು. "ಅವತ್ತು ಅವನೊಬ್ಬ, ನಾನೊಬ್ಳು. ಮೇಜಿನ ಮೇಲೆ ಅವರಪ್ಪನ ಫೋಟೋ ಇಟ್ಟು, ಒಂದು ಒಣಮೀನು ಎಡೆ ಇಟ್ಟ. ನಿನ್ನ ಮಾವ ಅಂತ ತಿಳ್ಕೊಂಡು ಅಡ್ಡ ಬೀಳು ಅಂದ. ಬಿದ್ದೆ. ಅವನು ಅಳೋಕೆ ಶುರು ಮಾಡಿದ, ಅರ್ಧ ಗಂಟೆ. ನಾನು ಪಕ್ಕದಲ್ಲಿ ಕೂತು ಸಮಾಧಾನ ಮಾಡಿದೆ."

"ಆಮೇಲೆ?"

"ಸಮಾಧಾನ ಮಾಡಿದ್ದು ಕೆಲಸ ಅಲ್ಲ ಅಂತ ಸಂಜೆ ಅರ್ಧ ಗಂಟೆ ಹೆಚ್ಚಿಗೆ ದುಡಿಸಿದ."

ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಸ್ನಾನಗೃಹದ ಮೈ ಉಜ್ಜುವ ಹೆಂಗಸು ಬಂದು, ಬೇರೆಯವರೂ ಇದ್ದಾರೆ ಎಂದು ಗದರಿ ಹೋದಳು.

ಆಚೆ ಕೋಣೆಗೆ ಬಂದು, ಕೆಳಗಿನಿಂದ ಕಾಯಿಸಿದ ನೆಲದ ಮೇಲೆ ಕೂತಾಗ ಅಕ್ಕ ಅಲ್ಲಿ ಮಾರುವ ಬೇಯಿಸಿದ ಮೊಟ್ಟೆ ಸುಲಿದು ಪಿಲ್‌ಜಾಳ ಕೈಗಿಟ್ಟಳು. ಆಮೇಲೆ ಇನ್ನೊಂದು. ಈ ತಿಂಗಳು ಬರುತ್ತೀಯೋ ಇಲ್ಲವೋ ಎಂದು ಆಗಲೇ ಎರಡು ಸಲ ಅವಳಿಗೆ ಫೋನ್ ಮಾಡಿದ್ದಾಳಂತೆ.