ಮಲಂಗಸಾಬ ಮುಚ್ಚಿದ ಹಿಂಬಾಗಿಲು

ಮಲಂಗಸಾಬ ಕಾರು ನಡೆಸುತ್ತಿದ್ದುದು ಬರಿಗಾಲಲ್ಲಿ. ಚಪ್ಪಲಿ ಕಳಚಿ ಸೀಟಿನ ಕೆಳಗೆ ಸರಿಸಿ, ಎಡ ಮೊಣಕಾಲನ್ನು ಅಂಗೈಯಿಂದ ಒಮ್ಮೆ ತಿಕ್ಕಿಕೊಂಡು, ಯಾರದೋ ಅಪ್ಪಣೆಗೆ ಕಾದವನಂತೆ ಅರೆಗಳಿಗೆ ಸುಮ್ಮನಿದ್ದು, ಆಮೇಲೆ ಚಾವಿ ತಿರುವುತ್ತಿದ್ದ. ಎಪ್ಪತ್ಮೂರನೇ ಇಸವಿಯಲ್ಲಿ ಮಾನ್ವಿ ರಸ್ತೆಯಲ್ಲಿ ಜೀಪು ಮಗುಚಿ ಮುರಿದ ಮೊಣಕಾಲದು. ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ. ಬೇಸಿಗೆಯಲ್ಲೂ ಕಳಚದ ಖಾಕಿ ಕೋಟಿನಲ್ಲಿ ಅವನು ಕಾಲೆಳೆಯುತ್ತ ಬಂದರೆ, ಆಕೃತಿ ಕಾಣುವ ಮೊದಲೇ ಚಪ್ಪಲಿಯ ಸಪ್ಪಳದಿಂದ ಬಂದವನು ಯಾರೆಂದು ತಿಳಿಯುತ್ತಿತ್ತು.

ರಾಯಚೂರಿನ ಹತ್ತಿ ಗಿರಣಿಯೊಂದರ ಮಾಲೀಕರಾದ ಅಮರಗುಂಡಪ್ಪ ಸಾಹುಕಾರರ ಅಂಬಾಸಿಡರನ್ನು ಅವನು ಹತ್ತು ವರ್ಷ ಓಡಿಸಿದ. ಅದರ ಬಿಗಿಯಾದ ಕ್ಲಚ್ಚನ್ನು ತುಳಿದು ತುಳಿದು ಸಂಜೆಗೆ ಮೊಣಕಾಲು ಬಾತುಕೊಳ್ಳುತ್ತಿತ್ತು. ಹೆಂಡತಿ ನೂರ್ ಬೀ ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಡುತ್ತಿದ್ದಳು. ಎಂಬತ್ತೈದರಲ್ಲಿ ಸಾಹುಕಾರರು ಹೊಸದಾಗಿ ಬಂದಿದ್ದ ಪುಟ್ಟ ಮಾರುತಿಯನ್ನು ತಂದಾಗ ಪೇಟೆಯ ಡ್ರೈವರುಗಳೆಲ್ಲ ಸುತ್ತುಗಟ್ಟಿ ನಕ್ಕರು. ಮೂತಿಯಿದೆ, ಬಾಲವಿಲ್ಲ, ಇದೆಂಥ ಕಾರು! ಮಲಂಗಸಾಬ ನಗಲಿಲ್ಲ. ಒಂದು ಸುತ್ತು ಓಡಿಸಿ ಬಂದವನ ಮುಖದಲ್ಲಿ, ಬಹುಕಾಲದ ವೇದನೆಯೊಂದು ಒಮ್ಮೆಲೇ ಶಮನವಾದಾಗ ಮೂಡುವ ದಿಗ್ಭ್ರಮೆಯಿತ್ತು.

“ಕ್ಲಚ್ ಬೆಣ್ಣಿ ಇದ್ದಂಗ ಅದರೀ,” ಎಂದ. “ಅಂಬಾಸಿಡರ್ ಎಮ್ಮಿ, ಇದು ಆಡು. ಎಲ್ಲಿ ಮುಖ ಹಾಕಿದ್ರೂ ತೂರ್ತದ. ಕುಂತಲ್ಲೇ ಹಿಂದು ಮುಂದು ಎರಡೂ ಕಾಣ್ತಾವ.”

ಅವನನ್ನು ಎಲ್ಲಕ್ಕಿಂತ ಸೆಳೆದದ್ದು ಮೇಲಕ್ಕೆತ್ತುವ ಹಿಂಬಾಗಿಲು. “ಡಿಕ್ಕಿ ಅಂತ ಬ್ಯಾರೆ ಇಲ್ಲ ನೋಡ್ರಿ. ಸೀಟು ಮಡಚಿದ್ರ ಕಾರೆಲ್ಲಾ ಒಂದ ಖೋಲಿ” ಎಂದು ಕಂಡವರಿಗೆಲ್ಲ ಅದನ್ನು ತೆಗೆದು ತೋರಿಸುವನು. ಮುಂದಿನ ಎರಡು ವರ್ಷ ನೂರ್ ಬೀಗೆ ಉಪ್ಪು ಕಾಯಿಸುವ ಪ್ರಮೇಯ ಬರಲಿಲ್ಲ.

ಎಂಬತ್ತೇಳರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಿರಣಿಯ ಯಂತ್ರದ ಬೆಲ್ಟಿಗೆ ಕೂಲಿಯಾಳು ತಾಯಣ್ಣನ ತೋಳು ಸಿಕ್ಕಿತು. ದೇವದುರ್ಗದ ಆಚೆಯ ಹಳ್ಳಿಯವನು. ಹೆಂಡತಿ ಗೋಪಮ್ಮನೂ ಅದೇ ಗಿರಣಿಯಲ್ಲಿ ಹತ್ತಿ ಹಸನು ಮಾಡುತ್ತಿದ್ದಳು. ನಾಲ್ವರು ಅವನನ್ನು ಎತ್ತಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಮಲಂಗಸಾಬ ಸೀಟು ಮಡಚಿ, ಹಿಂಬಾಗಿಲೆತ್ತಿ ನಿಂತಿದ್ದ. ಸಾಹುಕಾರರು ಪಡಸಾಲೆಯಿಂದ ಇಳಿದು ಬಂದರು.

“ಸೀಟಿಗೆ ರಕ್ತ ಆಕ್ಕೈತೋ ಮಲಂಗಾ. ಮುಚ್ಚು ಬಾಗ್ಲಾ. ಬಂಡಿ ಹೂಡಸ್ತೀನಿ.”

“ಧಣಿ, ಬಂಡಿ ಹೋಗೂತನಕ—”

“ಮುಚ್ಚಂದ್ನಿ.”

ಮಲಂಗಸಾಬ ಮುಚ್ಚಿದ. ಎತ್ತು ತಂದು ಬಂಡಿ ಹೂಡುವುದರಲ್ಲಿ ಅರ್ಧ ತಾಸು ಹೋಯಿತು. ಬಂಡಿಯ ಹಿಂದೆ, ಧೂಳಿನಲ್ಲಿ ಕೆಂಪು ಹನಿಗಳನ್ನು ದಾಟುತ್ತ, ಕುಂಟುತ್ತ ಅವನೂ ನಡೆದ. ಆಸ್ಪತ್ರೆಯ ಮೆಟ್ಟಿಲ ಬಳಿ ಇಳಿಸುವಾಗ ತಾಯಣ್ಣನ ಉಸಿರು ನಿಂತಿತ್ತು.

ಮರುದಿನ ಬೆಳಿಗ್ಗೆ ಶವ ಕೈಗೆ ಸಿಕ್ಕಿತು. ಟ್ಯಾಕ್ಸಿಯವರು ಯಾರೂ ಒಪ್ಪಲಿಲ್ಲ. ಕೆಲವರು ಹೆಣವೆಂದರು, ಕೆಲವರು ಅವನ ಕೇರಿಯ ಹೆಸರು ಕೇಳಿ ಮುಖ ತಿರುಗಿಸಿದರು. ಸಾಹುಕಾರರು ಸಂಜೆಗೆ ಟ್ರ್ಯಾಕ್ಟರು ಕಳಿಸುವುದಾಗಿ ಹೇಳಿಕಳಿಸಿದ್ದರು. ಬಿಸಿಲೇರುತ್ತಿತ್ತು. ಮಲಂಗಸಾಬ ಯಾರನ್ನೂ ಕೇಳದೆ ಗಿರಣಿಯಿಂದ ಕಾರು ತಂದ. ತನ್ನ ಪಕ್ಕದ ಸೀಟನ್ನೂ ಹಿಂದಕ್ಕೆ ಮಲಗಿಸಿ, ತನ್ನ ಕೋಟು ಹಾಸಿ, ತಾಯಣ್ಣನನ್ನು ಮಲಗಿಸಿದ. ತಲೆ ಅವನ ಪಕ್ಕಕ್ಕೇ ಬಂದಿತು. ಗೋಪಮ್ಮ ಹಿಂದೆ ಮುದುಡಿ ಕುಳಿತಳು.

ದಾರಿಯ ಕಲ್ಮಲ ಊರು ದಾಟಿದ ಮೇಲೆ ಅವಳು ಬಾಯಿಬಿಟ್ಟಳು. “ಯಣ್ಣಾ, ನಿನ್ನಿ ಈ ಗಾಡಿ ಅಲ್ಲೇ ನಿಂತಿತ್ತಲ್ಲಾ?”

“ನಿಂತಿತ್ತವ್ವಾ.”

“ಚಾವಿ ಯಾರ ಕೈಯಾಗಿತ್ತು?”

ಅವನು ರಸ್ತೆಯ ತಗ್ಗೊಂದನ್ನು ತಪ್ಪಿಸಿದ. “ನನ್ನ ಕೈಯಾಗ.”

ಕಾರು ದೇವದುರ್ಗ ದಾಟಿ ಹಳ್ಳಿ ಮುಟ್ಟಿತು. ಮಣ್ಣು ಮಾಡುವ ಹೊತ್ತಿಗೆ ಅವನೂ ಒಂದು ಹಿಡಿ ಹಾಕಲು ಬಗ್ಗಿದಾಗ, “ನೀ ಬ್ಯಾಡಣ್ಣಾ” ಎಂದಳು, ಮೆಲ್ಲಗೆ. ಅವನು ಹಿಂದೆ ಸರಿದು ನಿಂತ.

ಸಾಹುಕಾರರು ಅಂದೇ ಅವನನ್ನು ಕೆಲಸದಿಂದ ಬಿಡಿಸಿದರು. ಕಾರನ್ನು ಮೂರು ಸಲ ತೊಳೆಸಿ, ತಿಂಗಳೊಳಗೆ ಮಾರಿಬಿಟ್ಟರು. ಮಲಂಗಸಾಬ ಮಾನ್ವಿಗೆ ಹೋಗಿ ಯಾರದೋ ಹಳೆಯ ಅಂಬಾಸಿಡರನ್ನು ಬಾಡಿಗೆಗೆ ಓಡಿಸಿದ. ಎರಡು ವರ್ಷದಲ್ಲಿ ಕಾಲು ಪೂರ್ತಿ ಸೋತಿತು. ಅವನ ದಿಟ್ಟತನವನ್ನು ಯಾರಾದರೂ ಹೊಗಳಿದರೆ ಕೆರಳುತ್ತಿದ್ದ: “ಹೆಣ ಒಯ್ಯಾಕ ಏನ್ ಧೈರ್ಯ ಬೇಕ್ರಿ? ಜೀವ ಇದ್ದಾಗ ಬಾಗ್ಲಾ ಮುಚ್ಚಿದಾಂವ ನಾನಽ.”

ಪರರ ವಾಹನಗಳನ್ನು ತಮ್ಮ ದೇಹದ ಅಂಗವೆಂಬಂತೆ ಅರಿತವರು ಈ ಸೀಮೆಯ ಊರೂರಿನಲ್ಲೂ ಇದ್ದಾರೆ. ಯಾವ ಗಾಡಿ ಎಷ್ಟು ಹೊರಬಲ್ಲದು, ಎಷ್ಟು ನಿಮಿಷಕ್ಕೆ ಎಲ್ಲಿ ಮುಟ್ಟಬಲ್ಲದು ಎಂಬುದು ಒಡೆಯನಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹೊರಡು ಎನ್ನುವ ಅಧಿಕಾರವಷ್ಟೇ ಅವರಿಗಿಲ್ಲ. ಹೊರಡದೆ ಹೋದ ಪಾಪವನ್ನು ಮಾತ್ರ ಒಡೆಯರು ಮರೆತುಬಿಡುತ್ತಾರೆ, ಇವರು ಸಾಯುವವರೆಗೆ ಹೊರುತ್ತಾರೆ.